ಮಿಠಾಯಿ ಬೇಡ, ಬುಗರಿ ಇರಲಿ

ಪ್ರತಿವರ್ಷ ಜನವರಿಯ ಕೊನೆಯ ವಾರದಲ್ಲಿ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಕೊಳ್ಳುತ್ತದೆ. ಅದರಲ್ಲಿ ಮಗುವಿನ ತರಗತಿಯ ಎಲ್ಲ ಮಕ್ಕಳ ಹೆಸರುಗಳಿರುತ್ತವೆ. ಕೆಳಗೆ ಟೀಚರ್ ಬರೆದ ಎರಡು ಸಾಲು: ಕೊಡುವುದಾದರೆ ಎಲ್ಲರಿಗೂ ಕೊಡಿ, ಯಾರನ್ನೂ ಬಿಡಬೇಡಿ. ಫೆಬ್ರವರಿ 14ರಂದು ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ನಡೆಯುವ ಕಾರ್ಡು-ಉಡುಗೊರೆಗಳ ವಿನಿಮಯಕ್ಕೆ ಇದು ಆಮಂತ್ರಣ.

ವ್ಯಾಲೆಂಟೈನ್ ದಿನ ಎಂದೊಡನೆ ನಮ್ಮ ಓದುಗರ ಮನಸ್ಸಿಗೆ ಬರುವ ಚಿತ್ರ ಬೇರೆ. ಕೆಂಪು ಗುಲಾಬಿ, ಕಾಲೇಜು, ಪಾರ್ಕು, ಅದರ ಹಿಂದೆಯೇ ಕೋಲು ಹಿಡಿದು ಬರುವ ಕಾವಲು ಪಡೆಗಳು. ನಮ್ಮಲ್ಲೊಬ್ಬರು ಮಂಗಳೂರಿನವರು. 2009ರ ಜನವರಿಯಲ್ಲಿ ಅಲ್ಲಿನ ಪಬ್ಬಿನಲ್ಲಿ ಹೆಣ್ಣುಮಕ್ಕಳ ಮೇಲೆ ಹಲ್ಲೆ ನಡೆದ ಮೇಲೆ ಬಂದ ಫೆಬ್ರವರಿ 14 ಆ ಊರಿನಲ್ಲಿ ಹೇಗಿತ್ತೆಂಬುದು ಮನೆಯವರಿಗೆಲ್ಲ ನೆನಪಿದೆ. ಹಾಗಾಗಿ ಐದು ವರ್ಷದ ಮಗಳ ಶಾಲೆಯಿಂದ ಆ ದಿನಕ್ಕೆ ಪಟ್ಟಿ ಬಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಫೋನಿನಲ್ಲಿ ವಿಷಯ ತಿಳಿದ ಉಮ್ಮ ಒಂದೇ ಮಾತಿನಲ್ಲಿ ಮುಗಿಸಿದರು. “ನಮ್ಗೆ ಅದೆಲ್ಲ ಯಾಕೆ ಮೋನೆ?”

ಉಮ್ಮನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ದಿನ ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಜುಮಾದಲ್ಲಿ ಸಿಗುವ ಸ್ನೇಹಿತರು ಸಲಹೆ ಕೊಟ್ಟರು. ಅವರ ಮಾತನ್ನು ತಳ್ಳಿಹಾಕುವುದಕ್ಕೂ ನಮಗೆ ಕಾರಣವಿರಲಿಲ್ಲ. ಆದರೆ ನಾವಿರುವುದು ಶಿಕಾಗೋದಿಂದ ಒಂದು ಗಂಟೆಯ ದಾರಿಯ ಸಣ್ಣ ಊರಿನಲ್ಲಿ. ತರಗತಿಯ 22 ಮಕ್ಕಳಲ್ಲಿ ನಮ್ಮ ಮಗಳೊಬ್ಬಳೇ ಮುಸ್ಲಿಮಳು. ಡಿಸೆಂಬರ್ ಪೂರ್ತಿ ಕ್ರಿಸ್ಮಸ್ ಹಾಡುಗಳ ನಡುವೆ ಸುಮ್ಮನೆ ಕೂತಿದ್ದವಳು ಅವಳು. ಪಟ್ಟಿ ಬಂದ ದಿನವೇ ಪಾದರಕ್ಷೆಯ ಹಳೆಯ ರಟ್ಟಿನ ಪೆಟ್ಟಿಗೆಗೆ ಗುಲಾಬಿ ಕಾಗದ ಹಚ್ಚಿ, ಮೇಲೆ ಕಾಗದ ಹಾಕುವಷ್ಟು ಸೀಳು ಮಾಡಿ, ತನ್ನ ಹೆಸರು ಬರೆದಿಟ್ಟುಕೊಂಡಿದ್ದಳು. ಅದು ಅವಳ ಅಂಚೆ ಪೆಟ್ಟಿಗೆ. ಪಟ್ಟಿಯ 21 ಹೆಸರುಗಳನ್ನು ತಾನೇ ಬರೆಯುತ್ತೇನೆಂದು ಹಟ ಹಿಡಿದಳು. ಅಲ್ಲಿಯವರೆಗೆ ಅವಳು ಬರೆಯಲು ಕಲಿತಿದ್ದುದು ತನ್ನ ಹೆಸರೊಂದನ್ನೇ. ನಾಲ್ಕು ಸಂಜೆ ನಾಲಿಗೆ ಹೊರಗೆ ಚಾಚಿಕೊಂಡು ಕೂತು 21 ಹೆಸರು ಬರೆದಳು. ಹೋಗಬೇಡ ಎನ್ನುವ ಧೈರ್ಯ ನಮಗೆ ಬರಲಿಲ್ಲ.

ಶಾಲೆಯಲ್ಲಿ ಇದು ಪ್ರೇಮಿಗಳ ದಿನವಲ್ಲ, ಸ್ನೇಹಿತರ ದಿನ ಎಂದು ಟೀಚರ್ ಹೇಳಿದ್ದರು. ಅದು ಪೂರ್ತಿ ನಿಜವಲ್ಲವೆಂಬುದು ಅಂಗಡಿಯ ಕಾರ್ಡುಗಳನ್ನು ನೋಡಿದರೆ ತಿಳಿಯುತ್ತದೆ. ‘ನನ್ನವನಾಗು’, ‘ನನ್ನವಳಾಗು’ ಎಂದು ಅಚ್ಚಾದ ಕಾರ್ಡುಗಳನ್ನು ಐದು ವರ್ಷದ ಮಕ್ಕಳ ಕೈಗೆ ಕೊಡುವುದು ನಮಗೆ ಇಂದಿಗೂ ಒಗ್ಗಿಲ್ಲ. ಆದರೆ ‘ಎಲ್ಲರಿಗೂ ಕೊಡಿ’ ಎಂಬ ನಿಯಮ ಮಾತ್ರ ನಮಗೆ ಹಿಡಿಸಿತು. ಇಷ್ಟಬಂದವರಿಗಷ್ಟೇ ಕೊಡುವ ಪದ್ಧತಿಯಲ್ಲಿ ಯಾರ ಪೆಟ್ಟಿಗೆ ತುಂಬಿತು, ಯಾರದು ಬರಿದಾಗಿ ಉಳಿಯಿತು ಎಂಬುದು ಇಡೀ ತರಗತಿಗೆ ಕಾಣುತ್ತದೆ. 1975ರಲ್ಲಿ ಅಮೆರಿಕದ ಟೀವಿಯಲ್ಲಿ ಬಂದ ಒಂದು ಕಾರ್ಟೂನು ಚಿತ್ರದಲ್ಲಿ ಚಾರ್ಲಿ ಬ್ರೌನ್ ಎಂಬ ಹುಡುಗ ಕಾರ್ಡುಗಳನ್ನು ತುಂಬಿಕೊಳ್ಳಲು ಬ್ರೀಫ್‌ಕೇಸನ್ನೇ ಹಿಡಿದು ಶಾಲೆಗೆ ಹೋಗುತ್ತಾನೆ, ಒಂದು ಕಾರ್ಡೂ ಬರುವುದಿಲ್ಲ. ಇಲ್ಲಿನ ನಡುವಯಸ್ಸಿನ ಟೀಚರುಗಳು ಅದನ್ನು ಈಗಲೂ ನೆನೆಯುತ್ತಾರೆ.

ಈ ವ್ಯಾಪಾರ ಹೊಸತೇನಲ್ಲ. ಮ್ಯಾಸಚೂಸೆಟ್ಸಿನ ವೂಸ್ಟರ್ ಎಂಬ ಊರಿನಲ್ಲಿ ಎಸ್ತರ್ ಹೌಲ್ಯಾಂಡ್ ಎಂಬ ತರುಣಿ 1840ರ ದಶಕದ ಕೊನೆಯಲ್ಲಿ ಲೇಸು, ಬಣ್ಣದ ಕಾಗದ ಅಂಟಿಸಿದ ಕಾರ್ಡುಗಳನ್ನು ಮನೆಯಲ್ಲೇ ಹೆಂಗಸರನ್ನು ಕೂರಿಸಿಕೊಂಡು ಮಾಡಿಸಿ ಮಾರತೊಡಗಿದಳು. ಅದೇ ಹೊತ್ತಿಗೆ, 1847ರಲ್ಲಿ, ಬಾಸ್ಟನ್ನಿನ ಆಲಿವರ್ ಚೇಸ್ ಪೆಪ್ಪರಮೆಂಟಿನಂಥ ಬಿಲ್ಲೆಗಳನ್ನು ಕತ್ತರಿಸುವ ಯಂತ್ರ ಮಾಡಿದ. ಅವನ ಸೋದರ ಡೇನಿಯಲ್ 1866ರಲ್ಲಿ ಆ ಬಿಲ್ಲೆಗಳ ಮೇಲೆ ಅಕ್ಷರ ಅಚ್ಚು ಹಾಕುವ ಉಪಾಯ ಕಂಡುಹಿಡಿದ. ಎರಡು ಪದದ ಒಲವಿನ ಮಾತು ಹೊತ್ತ ಹೃದಯಾಕಾರದ ಮಿಠಾಯಿಗಳು ಬಂದದ್ದು ಆ ದಾರಿಯಲ್ಲೇ. ಕಾರ್ಡಿನ ಜೊತೆ ಮಿಠಾಯಿ ಅಂಟಿಕೊಂಡದ್ದು ಆಮೇಲೆ ಬಿಡಲೇ ಇಲ್ಲ. ಚೇಸ್ ಸೋದರರ ಪರಂಪರೆಯ ಕಂಪನಿ 2018ರಲ್ಲಿ ಬಾಗಿಲು ಹಾಕಿತು. ಅದರ ಮಾರನೆಯ ವರ್ಷ, ನಮ್ಮ ಮಗಳ ಮೊದಲ ವರ್ಷವೇ, ಆ ಹೃದಯದ ಮಿಠಾಯಿಗಳು ತಯಾರಾಗಲಿಲ್ಲ. ಊರಿನವರೆಲ್ಲ ಸಾವಿನ ಮನೆಯ ಸುದ್ದಿಯಂತೆ ಅದನ್ನು ಮಾತಾಡಿಕೊಳ್ಳುತ್ತಿದ್ದರು. ಬೇರೊಂದು ಕಂಪನಿ ಕೊಂಡು 2020ರಲ್ಲಿ ಮತ್ತೆ ತಂದಿತು ಎನ್ನಿ.

ಆ ವರ್ಷ ನಾವು ಏನು ಕೊಡುವುದೆಂದು ಹೆಚ್ಚು ಯೋಚಿಸಲಿಲ್ಲ. ಎಲ್ಲರೂ ಕೊಡುವುದು ಮಿಠಾಯಿ, ನಾವೂ ಮಿಠಾಯಿ ಕೊಡೋಣ ಎಂದುಕೊಂಡೆವು. ಹೊರದೇಶದಲ್ಲಿ ಸಂಸಾರ ಹೂಡಿದ ಮುಸ್ಲಿಮರೆಲ್ಲರಂತೆ ನಾವೂ ಪೊಟ್ಟಣದ ಹಿಂಭಾಗ ಓದುವುದರಲ್ಲಿ ಪಳಗಿದವರು. ಜೆಲಟಿನ್ ಇದೆಯೇ? ಇದ್ದರೆ ಮೀನಿನದೋ ದನದ್ದೋ ಹಂದಿಯದೋ? ಜಗಿಯುವ ರಬ್ಬರಿನಂಥ ಮಿಠಾಯಿ, ಹತ್ತಿಯಂಥ ಮಾರ್ಷ್‌ಮ್ಯಾಲೋ, ಇವುಗಳಲ್ಲೆಲ್ಲ ಅದು ಇರುತ್ತದೆ, ಯಾವ ಪ್ರಾಣಿಯದೆಂದು ಬರೆದಿರುವುದು ಅಪರೂಪ. ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಜೆಲಟಿನ್ ಇಲ್ಲದ ಸಣ್ಣ ಚಾಕೊಲೇಟು ಹುಡುಕಿ 21 ಕಾರ್ಡುಗಳಿಗೆ ಒಂದೊಂದು ಅಂಟಿಸಿದೆವು.

ಸಂಜೆ ಮಗಳು ಪೆಟ್ಟಿಗೆ ಹೊತ್ತು ತಂದಳು. ಊಟದ ಮೇಜಿನ ಮೇಲೆ ಸುರಿದೆವು. ಆಮೇಲೆ ನಡೆದದ್ದನ್ನು ಹೇಳಲು ಈಗಲೂ ಬೇಸರವಾಗುತ್ತದೆ. ಒಂದೊಂದನ್ನೇ ಎತ್ತಿ ಹಿಂಭಾಗ ಓದಿ, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಎರಡು ಗುಡ್ಡೆ ಮಾಡಿದೆವು. ‘ಆಗುವುದಿಲ್ಲ’ ಎಂಬ ಗುಡ್ಡೆಯಲ್ಲಿ ಹದಿಮೂರು ಬಿದ್ದವು. ಅವಳ ಎದುರೇ ಅವನ್ನು ಕಸದ ಡಬ್ಬಿಗೆ ಹಾಕಿದೆವು. ಅವಳು ಅಳಲಿಲ್ಲ. ಕಾರ್ಡುಗಳನ್ನು ಮಾತ್ರ ಡಬ್ಬಿಯಿಂದ ಮತ್ತೆ ಹೆಕ್ಕಿಕೊಂಡು, ಅಂಟು ಕಿತ್ತು, ಪೆಟ್ಟಿಗೆಯಲ್ಲಿಟ್ಟುಕೊಂಡಳು. ಮಲಗುವ ಮುಂಚೆ ಹೇಳಿದ ಮಾತು ಇದು: “ಅವನೂ ನನ್ ಥರಾನೇ. ಅವನ್ದೂ ಟೀಚರ್ ತೆಗೆದಿಟ್ಟರು.”

ಯಾರು ಎಂದು ಕೇಳಿದಾಗ ವಿಷಯ ಹೊರಬಂತು. ತರಗತಿಯಲ್ಲಿ ಒಬ್ಬ ಹುಡುಗನಿಗೆ ಕಡಲೆಕಾಯಿ, ಗೋಡಂಬಿ, ಬಾದಾಮಿ ಯಾವುದೂ ಆಗದು. ಬಾಯಿಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತದೆ. ಅಂಥ ಹೊತ್ತಿನಲ್ಲಿ ತೊಡೆಗೆ ಚುಚ್ಚುವ ಎಪಿನೆಫ್ರಿನ್ ಸೂಜಿಮದ್ದು ಶಾಲೆಯ ನರ್ಸ್ ಕೋಣೆಯಲ್ಲಿ ಅವನ ಹೆಸರಿನಲ್ಲಿ ಇರುತ್ತದೆ. ಆ ದಿನ ಅವನ ಪೆಟ್ಟಿಗೆಯಿಂದ ಟೀಚರ್ ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟಿದ್ದರು. ಉಳಿದದ್ದು ಕೆಲವು ಕಾರ್ಡು, ಎರಡು ಪೆನ್ಸಿಲ್. ನಾವು ಮರುದಿನ ನಮ್ಮ ಚಾಕೊಲೇಟಿನ ಪೊಟ್ಟಣವನ್ನು ಕಸದಿಂದ ತೆಗೆದು ನೋಡಿದೆವು. ಪದಾರ್ಥಗಳ ಪಟ್ಟಿಯ ಕೆಳಗೇ ದಪ್ಪಕ್ಷರದಲ್ಲಿ ಬರೆದಿತ್ತು, ಕಡಲೆಕಾಯಿಯ ಅಂಶ ಸೇರಿರಬಹುದು ಎಂದು. ಅರ್ಧ ಗಂಟೆ ಅದೇ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ಓದಿದ್ದೆವು. ನಮ್ಮ ಕಣ್ಣು ಹುಡುಕಿದ್ದು ನಮಗೆ ಬೇಡವಾದ ಒಂದು ಪದವನ್ನು ಮಾತ್ರ. ಇಷ್ಟೇ ಅಲ್ಲ, ಟೀಚರ್ ಕಳಿಸಿದ ಹಾಳೆಯ ಹಿಂಬದಿಯಲ್ಲಿ ಅಲರ್ಜಿಯ ವಿಷಯ ಬರೆದಿತ್ತು. ನಾವು ಹಾಳೆ ತಿರುಗಿಸಿರಲಿಲ್ಲ.

ಅಮೆರಿಕದಲ್ಲಿ ಇದು ಅಪರೂಪದ ಕಾಯಿಲೆಯಲ್ಲ. ಸರಕಾರದ 2021ರ ಸಮೀಕ್ಷೆಯಂತೆ ನೂರರಲ್ಲಿ ಸುಮಾರು ಆರು ಮಕ್ಕಳಿಗೆ ಒಂದಲ್ಲ ಒಂದು ಆಹಾರದ ಅಲರ್ಜಿಯಿದೆ. ಅಂದರೆ ಹೆಚ್ಚುಕಡಿಮೆ ತರಗತಿಗೊಂದು ಮಗು. 2004ರಲ್ಲಿ ಕಾನೂನು ಮಾಡಿ ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯ ಜಾತಿ, ಕಡಲೆಕಾಯಿ, ಗೋಡಂಬಿ-ಬಾದಾಮಿಯ ಜಾತಿ, ಗೋಧಿ, ಸೋಯಾ, ಈ ಎಂಟು ಇದ್ದರೆ ಸ್ಪಷ್ಟವಾಗಿ ಬರೆಯಲೇಬೇಕೆಂದರು. 2023ರಿಂದ ಎಳ್ಳೂ ಸೇರಿತು. ಆದರೆ ‘ಸೇರಿರಬಹುದು’ ಎಂಬ ಎಚ್ಚರಿಕೆಯ ಸಾಲು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಬರೆಯದೆ ಇದ್ದರೆ ಸೇರಿಲ್ಲವೆಂದು ಅರ್ಥವಲ್ಲ. ಈ ತಲೆನೋವೇ ಬೇಡವೆಂದು ಎಷ್ಟೋ ಶಾಲೆಗಳು ಈಚೆಗೆ ತಿನ್ನುವ ವಸ್ತುಗಳನ್ನೇ ಬೇಡವೆನ್ನುತ್ತಿವೆ. ಸಕ್ಕರೆ, ಬೊಜ್ಜಿನ ಕಾಳಜಿಯೂ ಇದಕ್ಕೆ ಸೇರಿದೆ. ತರಗತಿಯ ಪಾರ್ಟಿಗಳಲ್ಲಿ ಹಂಚುವ ತಿಂಡಿಗೂ ಶಾಲೆಗಳು ತಮ್ಮದೇ ನಿಯಮ ಬರೆದುಕೊಳ್ಳಬೇಕೆಂದು 2016ರಲ್ಲಿ ಕೇಂದ್ರ ಸರಕಾರವೇ ಹೇಳಿತು.

ಆ ಹುಡುಗನ ತಾಯಿಯನ್ನು ಶಾಲೆಯ ಗೇಟಿನಲ್ಲಿ ಕಂಡು ಕ್ಷಮೆ ಕೇಳಿದೆವು. ಆಕೆ ನಕ್ಕುಬಿಟ್ಟಳು. ಪ್ರತಿ ಫೆಬ್ರವರಿ 14ರ ಸಂಜೆ ತಮ್ಮ ಮನೆಯಲ್ಲೂ ಮೇಜಿನ ಮೇಲೆ ಸುರಿದು ಎರಡು ಗುಡ್ಡೆ ಮಾಡುವುದೇ ಕೆಲಸ ಎಂದಳು. ಹಿಮದಲ್ಲಿ ನಿಂತು ಜೆಲಟಿನ್ ಎಂದರೇನು, ನಮಗೇಕೆ ಬೇಡ ಎಂದು ನಾವು ವಿವರಿಸಿದೆವು. ಆಕೆಗೆ ಅದನ್ನು ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ.

ಮರುವರ್ಷ, 2020ರಲ್ಲಿ, ತಿನ್ನುವುದು ಬೇಡವೇ ಬೇಡ, ಆಟಿಕೆ ಕೊಡೋಣವೆಂದು ತೀರ್ಮಾನಿಸಿದೆವು. ಅಂಗಡಿಗೆ ಹೋದರೆ ಅದಕ್ಕೊಂದು ಇಡೀ ಸಾಲೇ ಇದೆ. ಪ್ಲಾಸ್ಟಿಕ್ ಉಂಗುರ, ಬೆರಳಷ್ಟು ಗಾತ್ರದ ಕಾರು, ಅಂಟಿನ ಚಿತ್ರ, ಮಣಿಕಟ್ಟಿಗೆ ಹೊಡೆದರೆ ಸುತ್ತಿಕೊಳ್ಳುವ ಪಟ್ಟಿ, ಸಾಬೂನಿನ ಗುಳ್ಳೆ ಊದುವ ಶೀಸೆ, ಬಣ್ಣದ ರಬ್ಬರು. ಎಲ್ಲವೂ ಇಪ್ಪತ್ತನಾಲ್ಕರ, ಮೂವತ್ತರ ಪೊಟ್ಟಣದಲ್ಲಿ ಅಗ್ಗಕ್ಕೆ. ಹೃದಯದ ಆಕಾರದ ಪುಟ್ಟ ರಬ್ಬರುಗಳನ್ನು ಕೊಂಡೆವು. ಬರೆಯಲು ಉಪಯೋಗಕ್ಕೆ ಬರುತ್ತದೆ, ಯಾರಿಗೂ ಅಲರ್ಜಿಯಿಲ್ಲ ಎಂದು ನಮ್ಮ ಬುದ್ಧಿವಂತಿಕೆಗೆ ನಾವೇ ಬೀಗಿದೆವು.

ಫೆಬ್ರವರಿ 13ರ ರಾತ್ರಿ ಮೇಜಿನ ಮೇಲೆ ಹರಡಿಕೊಂಡು ಕಾರ್ಡಿಗೆ ಅಂಟಿಸುತ್ತಿದ್ದೆವು. ಮಗನಿಗೆ ಆಗ ಎರಡು ವರ್ಷ. ಕೆಳಗೆ ಬಿದ್ದ ರಬ್ಬರೊಂದು ಅವನ ಬಾಯಿಗೆ ಹೋದದ್ದು ನಮಗೆ ತಿಳಿಯಲಿಲ್ಲ. ಸದ್ದಿಲ್ಲ. ಕೆಮ್ಮಿಲ್ಲ. ಮಗಳು “ಅಬ್ಬಾ, ಅವನ್ನ ನೋಡಿ” ಎಂದಾಗ ಮುಖ ಕಪ್ಪಿಟ್ಟಿತ್ತು. ತೋಳಿನ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಹೊಡೆದೆವು. ಎಷ್ಟು ಏಟು ಎಂದು ಎಣಿಸಲಿಲ್ಲ. ಕೆಂಪು ಹೃದಯವೊಂದು ನೆಲಕ್ಕೆ ಬಿದ್ದು ಪುಟಿಯಿತು. ಆಮೇಲೆ ಅವನು ಅತ್ತ ದನಿಯಷ್ಟು ಹಿತವಾದ ದನಿಯನ್ನು ನಾವು ಅದಕ್ಕೆ ಮೊದಲು ಕೇಳಿರಲಿಲ್ಲ.

ಪೊಟ್ಟಣದ ಮೇಲೆ ಎಚ್ಚರಿಕೆ ಇತ್ತು. ಮೂರು ವರ್ಷದೊಳಗಿನ ಮಕ್ಕಳಿಗಲ್ಲ ಎಂದು. ಮಗಳಿಗೆ ಆರು ವರ್ಷವಲ್ಲವೇ ಎಂದು ನಾವು ಓದಿ ಬಿಟ್ಟಿದ್ದೆವು. ಆದರೆ ಆ 23 ಮಕ್ಕಳ ಮನೆಗಳಲ್ಲಿ ತಮ್ಮಂದಿರು ತಂಗಿಯರು ಇರುವುದಿಲ್ಲವೇ? ಆ ರಾತ್ರಿ ನಿದ್ದೆ ಬಾರದೆ ಓದಿ ತಿಳಿದುಕೊಂಡೆವು. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸಲು ಇಲ್ಲಿ 1980ರಿಂದಲೂ ಒಂದು ಅಳತೆಯ ಕೊಳವೆಯಿದೆ. ಬಾಯಿ ಒಂದೂಕಾಲು ಇಂಚು ಅಗಲ. ಒತ್ತದೆ ಇಟ್ಟಾಗ ವಸ್ತು ಪೂರ್ತಿ ಅದರೊಳಗೆ ಹೋದರೆ ಅದು ಚಿಕ್ಕವರ ಗಂಟಲಿಗೂ ಹೋಗುವ ವಸ್ತು. ಮೂರರಿಂದ ಆರು ವರ್ಷದವರ ಆಟಿಕೆಗಳಲ್ಲಿ ಇಂಥ ಸಣ್ಣ ಭಾಗ, ಗೋಲಿ, ಬಲೂನು ಇದ್ದರೆ ಎಚ್ಚರಿಕೆ ಬರೆಯಬೇಕೆಂದು 1994ರಲ್ಲಿ ಕಾನೂನು ಬಂತು. ಮನೆಯಲ್ಲಿ ಆ ಕೊಳವೆ ಇಲ್ಲದವರು ಟಾಯ್ಲೆಟ್ ಕಾಗದದ ಸುರುಳಿಯ ನಡುವಿನ ರಟ್ಟಿನ ಕೊಳವೆಯಲ್ಲಿ ಹಾಕಿ ನೋಡುತ್ತಾರೆ. ಅದು ಸ್ವಲ್ಪ ದೊಡ್ಡದು, ಹಾಗಾಗಿ ಅಷ್ಟರಮಟ್ಟಿಗೆ ಇನ್ನೂ ಸುರಕ್ಷಿತ. ನಾವು ಹಾಕಿದ ರಬ್ಬರು ಸದ್ದೂ ಮಾಡದೆ ಆ ಕಡೆಯಿಂದ ಹೊರಬಿತ್ತು.

ರಬ್ಬರುಗಳನ್ನೆಲ್ಲ ಕಸಕ್ಕೆ ಹಾಕಿದೆವು. ಬೆಳಗ್ಗೆ ಎಂಟಕ್ಕೆ ಶಾಲೆ. ಮನೆಯಲ್ಲಿ ಇದ್ದದ್ದು ಬಣ್ಣದ ಕಾಗದ. ಒಂದು ಗಂಟೆಯವರೆಗೆ ಕೂತು 23 ಕಾಗದದ ದೋಣಿ ಮಡಚಿದೆವು. ಮಳೆಗಾಲದಲ್ಲಿ ಮಂಗಳೂರಿನ ಅಂಗಳದ ನೀರಿಗೆ ಬಿಟ್ಟಿದ್ದ ಅದೇ ದೋಣಿ. ‘ಇದು ಬರೀ ಕಾಗದ’ ಎಂದು ಒಬ್ಬಳು ಹೇಳಿದಳೆಂದು ಮಗಳು ಸಪ್ಪಗೆ ಬಂದಳು. ಮೂವರು ಮಾತ್ರ ಹೇಗೆ ಮಡಚುವುದೆಂದು ಕೇಳಿದರಂತೆ. ಅಲರ್ಜಿಯ ಹುಡುಗ ತನ್ನದನ್ನು ಕೈ ತೊಳೆಯುವ ತೊಟ್ಟಿಯಲ್ಲಿ ತೇಲಿಸಲು ಹೋಗಿ ಟೀಚರಿಂದ ಬೈಸಿಕೊಂಡನಂತೆ.

2021ರಲ್ಲಿ ಕೊರೋನಾ. ಮಕ್ಕಳು ಪರದೆಯ ಮೇಲೆ ಕಾಗದ ಹಿಡಿದು ತೋರಿಸಿದರು, ಮುಗಿಯಿತು.

2022ರಲ್ಲಿ ಬಣ್ಣದ ಹಿಟ್ಟಿನ ಪುಟ್ಟ ಡಬ್ಬಿಗಳನ್ನು ಗಾಡಿಗೆ ಹಾಕಿಕೊಂಡಾಗಿತ್ತು. ಪ್ಲೇ-ಡೋ ಎನ್ನುತ್ತಾರೆ. 1950ರ ದಶಕದಲ್ಲಿ ಸಿನ್ಸಿನಾಟಿಯ ಕಂಪನಿಯೊಂದು ಗೋಡೆಕಾಗದದ ಮಸಿ ಒರೆಸಲು ಮಾಡುತ್ತಿದ್ದ ಹಿಟ್ಟೇ ಮಕ್ಕಳ ಆಟಿಕೆಯಾದ ಕತೆ ಅದರದು. ಈ ಸಲ ಟೀಚರ ಹಾಳೆಯನ್ನು ಎರಡೂ ಬದಿ ಓದಿದ್ದೆವು. ಹಿಂಬದಿಯಲ್ಲಿ ಗೋಧಿ ಆಗದ ಒಂದು ಹುಡುಗಿಯ ವಿಷಯವಿತ್ತು. ಹೆಸರೇ ಹಿಟ್ಟು, ಗೋಧಿ ಇರಬಹುದೇ ಎಂದು ಡಬ್ಬಿ ತಿರುಗಿಸಿದರೆ ಕಂಪನಿಯೇ ಬರೆದಿತ್ತು, ಗೋಧಿ ಇದೆ ಎಂದು. ತಿನ್ನದ ಆಟಿಕೆಯಲ್ಲೂ ತಿನ್ನುವ ವಸ್ತು! ವಾಪಸಿಟ್ಟು ಪೆನ್ಸಿಲ್ ತಂದೆವು. ಪೆನ್ಸಿಲ್ ಬಗ್ಗೆ ಹೇಳುವುದೇನೂ ಇಲ್ಲ, ಯಾವ ಮಗುವೂ ಪೆನ್ಸಿಲ್ ಕಂಡು ಕುಣಿಯುವುದಿಲ್ಲ. ಆದರೆ ಆ ವರ್ಷ ಬಂದವುಗಳಲ್ಲಿ ಏಪ್ರಿಲ್‌ವರೆಗೆ ಮನೆಯಲ್ಲಿ ಉಳಿದದ್ದು ಬೇರೆಯವರು ಕೊಟ್ಟ ಪೆನ್ಸಿಲುಗಳು ಮಾತ್ರ. ಉಂಗುರ, ಸೀಟಿ, ಪ್ಲಾಸ್ಟಿಕ್ ಕಪ್ಪೆಗಳೆಲ್ಲ ಮುರಿದು ಹೋಗಿದ್ದವು. ಒಮ್ಮೆ ಲೆಕ್ಕ ಹಾಕಿದೆವು. 22 ಮಕ್ಕಳು ತಲಾ 21 ಕೊಟ್ಟರೆ ಒಂದೇ ಕೋಣೆಯಲ್ಲಿ 462 ವಸ್ತುಗಳು. ಅದರಲ್ಲಿ ಎಷ್ಟು ಮಾರನೆಯ ವಾರಕ್ಕೆ ಕಸವಾಗುತ್ತವೆಂದು ನೆನೆದರೆ ಮಿಠಾಯಿಯೇ ವಾಸಿ, ತಿಂದು ಮುಗಿಯುತ್ತದೆ ಎನಿಸಿದ್ದೂ ಉಂಟು.

2023ರ ಬೇಸಿಗೆ ರಜೆಗೆ ಊರಿಗೆ ಹೋದೆವು. ನಮ್ಮಲ್ಲಿ ಇನ್ನೊಬ್ಬರ ತವರು ಚನ್ನಪಟ್ಟಣ. ಅರಗಿನ ಬಣ್ಣದ ಆಟಿಕೆಗಳ ಊರು. ಬಾಲ್ಯದಲ್ಲಿ ಆ ಬೀದಿಗಳಲ್ಲಿ ಓಡಾಡಿದವರಿಗೆ ಅದರ ಬೆಲೆ ತಿಳಿದಿರುವುದಿಲ್ಲ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರೆಂದು ಊರಿನ ಮಾತು. ಜಪಾನಿನ ಕೌಶಲವನ್ನು ಇಲ್ಲಿಗೆ ಹೊಂದಿಸಿದ ಬಾವಾಸ್ ಮಿಯಾ ಅವರನ್ನು ಈ ಕಸುಬಿನ ಪಿತಾಮಹ ಎಂದು ನೆನೆಯುತ್ತಾರೆ. ಆಲೆ ಮರದ ತುಂಡನ್ನು ಲೇತಿಗೆ ಹಚ್ಚಿ, ತಿರುಗುತ್ತಿರುವಾಗಲೇ ಉಳಿ ಹಿಡಿದು ಆಕಾರ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಬೆರಳಲ್ಲಿ ತಿರುವಿ ಬಿಡುವ ಬುಗರಿಯೊಂದು ನಮ್ಮ ಕಣ್ಣೆದುರೇ ಎರಡು ಮೂರು ನಿಮಿಷದಲ್ಲಿ ತಯಾರಾಯಿತು. ಮಕ್ಕಳಿಬ್ಬರೂ ಕಣ್ಣು ಮಿಟುಕಿಸದೆ ನಿಂತಿದ್ದರು.

ಆಗಲೇ ಹೊಳೆದದ್ದು. ಮುಂದಿನ ಫೆಬ್ರವರಿಗೆ ಮಗಳು ಐದನೆಯ ತರಗತಿ, ಮಗ ಕಿಂಡರ್‌ಗಾರ್ಟನ್. ಇಬ್ಬರದೂ ಒಂದೇ ಶಾಲೆ. ಸುಮಾರು 45 ಬುಗರಿ ಬೇಕು. ಅಂಗಡಿಯ ಚಾಚಾ ಸಂತೋಷಪಟ್ಟರು. ನಾವು ಚೀಲದಿಂದ ಅಳತೆಯ ಪ್ಲಾಸ್ಟಿಕ್ ಕೊಳವೆ ತೆಗೆದೆವು. ರಬ್ಬರಿನ ಆ ರಾತ್ರಿಯ ನಂತರ ಕೊಂಡದ್ದು ಅದು, ಎಲ್ಲಿಗೆ ಹೋದರೂ ಜೊತೆಗಿರುತ್ತದೆ. ಚಾಚಾ ಅದನ್ನು ತಿರುಗಿಸಿ ನೋಡಿ, “ಏನಮ್ಮ ಇದು, ಬಳೆ ಅಳತೇನಾ?” ಎಂದರು. ವಿಷಯ ತಿಳಿದ ಮೇಲೆ ಚಿಕ್ಕ ಬುಗರಿಗಳನ್ನೆಲ್ಲ ಬದಿಗೆ ಸರಿಸಿ, ಕೊಳವೆಯ ಬಾಯಿಯ ಮೇಲೆ ಟೋಪಿಯಂತೆ ಕೂರುವ ಅಗಲದವನ್ನೇ ಆರಿಸಿದರು. ಮೊಳೆಯಿಲ್ಲದ, ಮರದ್ದೇ ಮೊನೆಯಿರುವವು. ಮೊನೆಗಳನ್ನು ಇನ್ನಷ್ಟು ಗುಂಡಗೆ ಮಾಡಿಕೊಟ್ಟರು. ಒಂದಕ್ಕೆ ಮೂವತ್ತು ರೂಪಾಯಿ.

“ಅಷ್ಟೊಂದು ಯಾವ ಹಬ್ಬಕ್ಕೆ?” ಎಂದು ಕೇಳಿದರು.

ನಮ್ಮ ನಾಲಿಗೆ ತಡವರಿಸಿತು. “ಶಾಲೆ ಮಕ್ಕಳಿಗೆ ಹದಿಯಾ ಚಾಚಾ” ಎಂದೆವು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಚಾಚಾ ಎರಡು ಬುಗರಿ ಹೆಚ್ಚಿಗೆ ಹಾಕಿದರು.

ಮಂಗಳೂರಿನಲ್ಲಿ ಉಮ್ಮನ ಎದುರು ಸೂಟ್‌ಕೇಸು ತುಂಬುವಾಗ ಆ ಹಾರಿಕೆಯ ಉತ್ತರ ನಡೆಯಲಿಲ್ಲ. ಯಾವ ದಿನಕ್ಕೆ ಎಂದು ಕೇಳಿದರು, ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೆ ಈಗಲೂ ಅದು ಸರಿ ಕಾಣುವುದಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. “ಹಂಚೋದು ತಪ್ಪಲ್ಲ. ಬೇರೆ ದಿನ ಹಂಚಬಹುದಲ್ಲ” ಎಂದರು. ಪೆರ್ನಾಲಿಗೆ ನಾವು ಆ ತರಗತಿಗೆ ಖರ್ಜೂರ ಕಳಿಸಿದ್ದು, ಅದೂ ತಿನ್ನುವ ವಸ್ತುವೆಂದು ಶಾಲೆ ಹಿಂದಕ್ಕೆ ಕೊಟ್ಟದ್ದು, ಎಲ್ಲವನ್ನೂ ಹೇಳಿದೆವು. ಉಮ್ಮ ಹಳೆಯ ಸೀರೆಯೊಂದನ್ನು ಹರಿದು ಬುಗರಿಗಳನ್ನು ಐದೈದರಂತೆ ಸುತ್ತಿಕೊಟ್ಟರು. ಪಕ್ಕದ ಮನೆಯ ಮಕ್ಕಳಿಗೆಂದು ಆರನ್ನು ತೆಗೆದಿಟ್ಟುಕೊಂಡರು. ಕಡಿಮೆ ಬಿದ್ದುದಕ್ಕೆ ಚಾಚಾಗೆ ಮತ್ತೆ ಫೋನು ಮಾಡಬೇಕಾಯಿತು, ಆ ಮಾತು ಬೇರೆ.

2024ರ ಫೆಬ್ರವರಿ 14 ಬುಧವಾರ. ಅದೇ ದಿನ ಕ್ರೈಸ್ತರ ಬೂದಿ ಬುಧವಾರವೂ ಬಿದ್ದಿತ್ತು. ಈಸ್ಟರಿಗೆ ಮುಂಚಿನ ಅವರ ವ್ರತದ ನಲವತ್ತು ದಿನ ಶುರುವಾಗುವುದು ಅಂದೇ. ನಮ್ಮ ಬೀದಿಯ ಕ್ಯಾಥೊಲಿಕ್ ಮನೆಯ ಮಕ್ಕಳು ಆ ನಲವತ್ತು ದಿನ ಮಿಠಾಯಿ ಬಿಡುತ್ತೇವೆಂದು ಹರಕೆ ಹೊತ್ತು, ಮೊದಲ ದಿನವೇ ಪೆಟ್ಟಿಗೆ ತುಂಬ ಮಿಠಾಯಿ ಬರುವುದನ್ನು ನೆನೆದು ಪೇಚಾಡುತ್ತಿದ್ದರು. ಅವರ ತಾಯಿ ನಮ್ಮ ಬುಗರಿ ಕಂಡು ಇದೊಂದಾದರೂ ಸಿಕ್ಕಿತಲ್ಲ ಎಂದಳು. ನಮಗೂ ರಮಝಾನ್ ಒಂದು ತಿಂಗಳೊಳಗೆ ಇತ್ತು.

ಐದನೆಯ ತರಗತಿಯಲ್ಲಿ ಬುಗರಿಗಳು ಎಂಥ ಗದ್ದಲ ಎಬ್ಬಿಸಿದವೆಂದರೆ ಮಧ್ಯಾಹ್ನದ ಹೊತ್ತಿಗೆ ಟೀಚರ್ ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿ ಕಪಾಟಿನ ಮೇಲಿಟ್ಟರು, ಮನೆಗೆ ಹೋಗುವಾಗ ಕೊಟ್ಟರು. ಅಲರ್ಜಿಯ ಹುಡುಗನದು ಎಲ್ಲರದಕ್ಕಿಂತ ಹೆಚ್ಚು ಹೊತ್ತು ತಿರುಗಿತಂತೆ. ಚನ್ನಪಟ್ಟಣ ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕಿ, ಸಿಗದೆ, ಮಗಳು ಬೆಂಗಳೂರಿನ ಪಕ್ಕ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಬಂದಳು. ಶಾಲೆಯ ಭೂಪಟದ ಮೇಲೆ ಬರೆದದ್ದಕ್ಕೆ ಅವಳಿಗೂ ಬೈಗುಳ ಸಿಕ್ಕಿತು.

ಕಿಂಡರ್‌ಗಾರ್ಟನ್ ಕಡೆಯಿಂದ ಎರಡು ದಿನದ ಮೇಲೆ ಒಂದು ಲಕೋಟೆ ಬಂತು. ಒಳಗೆ ಕೆಂಪು ಬುಗರಿ, ಜೊತೆಗೆ ಒಬ್ಬ ತಾಯಿಯ ಚೀಟಿ. ಬಹಳ ವಿನಯದಿಂದ ಬರೆದಿದ್ದಳು. ಬುಗರಿ ಸುಂದರವಾಗಿದೆ, ಮಗನಿಗೆ ಬಲು ಇಷ್ಟವಾಯಿತು. ಆದರೆ ಅವನು ಇನ್ನೂ ವಸ್ತುಗಳನ್ನು ಬಾಯಿಗೆ ಹಾಕುತ್ತಾನೆ. ಇದರ ಬಣ್ಣದಲ್ಲಿ ಸೀಸವಿಲ್ಲವೆಂದು ಪರೀಕ್ಷೆಯಾಗಿದೆಯೇ? ಪೊಟ್ಟಣವಿದ್ದರೆ ಅದರ ಫೋಟೋ ಕಳಿಸಬಹುದೇ?

ಪೊಟ್ಟಣವಿರಲಿಲ್ಲ. ಇದ್ದದ್ದು ಉಮ್ಮನ ಸೀರೆಯ ಚೂರು. ಮೊದಲು ಬಂದದ್ದು ಸಿಟ್ಟು. ಇನ್ನೂರು ವರ್ಷಗಳ ಕಸುಬು, ನಮ್ಮ ತವರಿನ ಮರ, ಅರಗು, ಇದಕ್ಕೇನು ಪರೀಕ್ಷೆ ಎಂದು ಅಡುಗೆಮನೆಯಲ್ಲಿ ಜೋರಾಗಿಯೇ ಆಡಿಕೊಂಡೆವು. 2007ರಲ್ಲಿ ಸೀಸದ ಬಣ್ಣದ ಕಾರಣಕ್ಕೆ ಚೀನಾದಿಂದ ಬಂದ ಲಕ್ಷಗಟ್ಟಲೆ ಆಟಿಕೆಗಳನ್ನು ಇಲ್ಲಿನ ಕಂಪನಿಗಳು ವಾಪಸು ಪಡೆದಿದ್ದವು. ಮರುವರ್ಷವೇ ಬಂದ ಕಾನೂನು ಮಕ್ಕಳ ವಸ್ತುಗಳ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲು ಸೀಸವನ್ನಷ್ಟೇ ಸಹಿಸುತ್ತದೆ, ಮಾರುವವರು ಪರೀಕ್ಷೆ ಮಾಡಿಸಲೇಬೇಕು. ನಾವು ಮಾರಿದವರಲ್ಲ, ಕೊಟ್ಟವರು. ಆದರೆ ಮಗುವಿನ ಬಾಯಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲವಲ್ಲ. ಐದು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಬೇರೆಯವರ ಮಕ್ಕಳು ಪ್ರೀತಿಯಿಂದ ಕೊಟ್ಟದ್ದನ್ನು ಒಂದೊಂದಾಗಿ ತಿರುಗಿಸಿ ಹದಿಮೂರನ್ನು ಕಸಕ್ಕೆ ಹಾಕಿದವರು ನಾವೇ. ಆ ತಾಯಿ ಕಸಕ್ಕೆ ಹಾಕದೆ ಚೀಟಿ ಬರೆದು ಕೇಳಿದ್ದಳು.

ಚಾಚಾಗೆ ವಾಟ್ಸಾಪಿನಲ್ಲಿ ಬರೆದೆವು. ಮಾರನೆಯ ದಿನ ಅವರ ದನಿ ಬಂತು, ಹಿಂದೆ ಲೇತಿನ ಸದ್ದು. “ಹಳದಿ ಅರಿಶಿನದ್ದೇ, ಭಯ ಇಲ್ಲ. ನೀಲಿನೂ ಒಳ್ಳೇದೇ. ಕೆಂಪು ಬಣ್ಣ ಮಾತ್ರ ಬೇರೆ ಕಡೆಯಿಂದ ತರಿಸ್ತೀವಿ. ಕೇಳಿ ಹೇಳ್ತೀನಿ ಬೇಟಾ, ಸುಮ್ನೆ ಹೇಳಬಾರದು.”

ಆ ತಾಯಿಗೆ ಹಾಗೆಯೇ ಬರೆದೆವು. ಇತರ 19 ಮನೆಗಳಿಗೂ ಟೀಚರ್ ಮೂಲಕ ಚೀಟಿ ಕಳಿಸಿದೆವು. ಕೆಂಪು ಬುಗರಿ ಸಿಕ್ಕಿದ್ದರೆ, ಮನೆಯಲ್ಲಿ ಬಾಯಿಗೆ ಹಾಕುವ ಮಕ್ಕಳಿದ್ದರೆ, ತೆಗೆದಿಡಿ ಎಂದು. ನಾಲ್ಕು ಬುಗರಿ ವಾಪಸು ಬಂದವು, ಉಳಿದವರು ಉತ್ತರಿಸಲಿಲ್ಲ. ಕೆಂಪಿನ ವಿಷಯ ಚಾಚಾ ಕೇಳಿ ಹೇಳಿದರು, ರಂಗಿನ ಅಂಗಡಿಯವನು ಚೀಟಿಯಿಲ್ಲದೆ ಮಾರುತ್ತಾನಂತೆ. ಅಂದಿನಿಂದ ತಾವು ಕೆಂಪನ್ನು ಬೇರೆ ಕಡೆಯಿಂದ, ರಸೀದಿ ಕೇಳಿ ತರಿಸುತ್ತಿದ್ದೇವೆ ಎಂದರು.

ಮಗಳು ಈಗ ಮಿಡಲ್ ಸ್ಕೂಲಿನಲ್ಲಿ. ಅಲ್ಲಿ ಪೆಟ್ಟಿಗೆಗಳಿಲ್ಲ, ಪಟ್ಟಿಯೂ ಬರುವುದಿಲ್ಲ. ಮಗನದು ಇನ್ನೂ ಕೆಲವು ವರ್ಷ ಇದೆ. ವಾಪಸು ಬಂದ ಐದು ಬುಗರಿ ಕಿಟಕಿಯ ಕಟ್ಟೆಯ ಮೇಲಿವೆ. ಅವನು ಶಾಲೆಯಿಂದ ಬಂದವನೇ ಅವನ್ನು ಸಾಲಾಗಿ ತಿರುವಿ ಬಿಟ್ಟು, ಯಾವುದು ಕೊನೆಗೆ ಬೀಳುತ್ತದೆಂದು ಕಾಯುತ್ತಾನೆ.